ಅತಿಥಿಯನ್ನು ಮೊದಲು ಬಸ್ಸು ಹತ್ತಿಸಿದ ದಿನ

ಯಾರಾದರೂ ನನ್ನ ಹೆಗಲ ಮೇಲೆ ಕೈಯಿಟ್ಟು ‘ನೀನೇನೂ ಯೋಚನೆ ಮಾಡಬೇಡ’ ಎಂದರೆ ಸಾಕು, ಅಲ್ಲಿಯವರೆಗೆ ತನ್ನ ಪಾಡಿಗೆ ತಾನಿದ್ದ ನನ್ನ ಮನಸ್ಸು ತಟ್ಟನೆ ಎದ್ದು ಕೂತು, ಯೋಚನೆ ಮಾಡಬೇಕಾದದ್ದು ಏನೇನಿದೆ ಎಂದು ಹುಡುಕತೊಡಗುತ್ತದೆ. ಇದು ಇವತ್ತಿನ ರೋಗವಲ್ಲ. ಹುಟ್ಟಿದಾಗಿನಿಂದ ಇರಬೇಕು. ಅಮ್ಮನಿಗೂ ಇತ್ತು, ಅವಳಮ್ಮನಿಗೂ ಇತ್ತಂತೆ. ಬೇರೆಯವರ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ತಲೆಮಾರಿನಿಂದ ತಲೆಮಾರಿಗೆ ಒಂದೆಳೆ ಸರವಾದರೂ ಬರುತ್ತದೆ. ನಮ್ಮಲ್ಲಿ ಇದು ಬಂತು.

ಒಂದು ಸಮಾಧಾನವೆಂದರೆ ಈ ಅವಸ್ಥೆಗೆ ಕನ್ನಡದಲ್ಲಿ ಮಾತುಗಳಿಗೆ ಬರವಿಲ್ಲ. ದಿಗಿಲು, ಕಳವಳ, ತಳಮಳ, ಗಾಬರಿ, ಕಸಿವಿಸಿ, ಪುಕುಪುಕು. ಸಂತೋಷಕ್ಕೆ ನಮ್ಮಲ್ಲಿ ಇಷ್ಟು ಬಗೆಯ ಮಾತುಗಳಿವೆಯೋ ಇಲ್ಲವೋ ಅನುಮಾನ. ನಿಘಂಟಿನಲ್ಲಿ ನೋಡಿದರೆ ಇವೆಲ್ಲ ಒಂದೇ ಅನ್ನುವ ಹಾಗೆ ಒಂದರ ಎದುರಿಗೆ ಇನ್ನೊಂದನ್ನು ಬರೆದಿರುತ್ತಾರೆ. ಹಾಗೆ ಬರೆದವರು ನೆಮ್ಮದಿಯ ಜನ ಇರಬೇಕು. ಅನುಭವಸ್ಥರಿಗೆ ಗೊತ್ತು, ಒಂದೊಂದೂ ಮೈಯ ಒಂದೊಂದು ಕಡೆ ಬಿಡಾರ ಮಾಡಿಕೊಂಡಿರುತ್ತದೆ. ದಿಗಿಲು ಎದೆಯಲ್ಲಿ, ಕಳವಳ ಹೊಟ್ಟೆಯಲ್ಲಿ, ಗಾಬರಿ ಕಾಲಿನಲ್ಲಿ. ಪುಕುಪುಕು ಎಲ್ಲಿ ಎಂದು ಕೇಳಿದರೆ ನಾನು ಗಂಟಲ ಕುಳಿಯ ಕಡೆ ಬೆರಳು ತೋರಿಸುತ್ತೇನೆ. ಇವೆಲ್ಲ ಬಿಡಾರಗಳೂ ಒಂದೇ ಹೊತ್ತಿಗೆ ಭರ್ತಿಯಾದ ದಿನವೊಂದಿತ್ತು. ಅದರ ಕತೆ ಹೇಳುತ್ತೇನೆ.

ಎಂಬತ್ತರ ದಶಕದ ನಡುವಿನ ಒಂದು ಜನವರಿ. ನಾನಾಗ ವಿಜಯನಗರದ ಒಂದು ಕಾಲೇಜಿನಲ್ಲಿ ಬಿ.ಎಡ್. ಓದುತ್ತಿದ್ದೆ. ಒಂದು ಮಧ್ಯಾಹ್ನ ನಮ್ಮ ಪ್ರಿನ್ಸಿಪಾಲ್ ಮೇಡಂ ಕ್ಲಾಸಿಗೆ ಬಂದು, ಜಪಾನಿನಿಂದ ಒಬ್ಬ ವಿದ್ಯಾರ್ಥಿನಿ ಬಂದಿದ್ದಾಳೆ, ನಿಮ್ಮ ಹಾಗೆಯೇ ಟೀಚರಾಗಲು ಓದುತ್ತಿರುವವಳು, ಊರೂರು ಸುತ್ತಿ ನಮ್ಮ ದೇಶದ ಶಾಲೆಗಳನ್ನು ನೋಡುತ್ತಿದ್ದಾಳೆ, ಬಸವೇಶ್ವರನಗರದಲ್ಲಿ ನನ್ನ ಮನೆಯಲ್ಲೇ ಇಳಿದುಕೊಂಡಿದ್ದಾಳೆ ಎಂದರು. ನಾಳೆ ಒಂದು ದಿನ ಅವಳ ಜೊತೆಗಿದ್ದು ಸುತ್ತಾಡಿಸಿಕೊಂಡು ಬರುವವರು ಬೇಕು ಎಂದ ಕೂಡಲೇ ಇಡೀ ಕ್ಲಾಸು ತಲೆ ತಗ್ಗಿಸಿ ತಂತಮ್ಮ ಚಪ್ಪಲಿಗಳನ್ನು ನೋಡತೊಡಗಿತು. ನಾನೂ ತಗ್ಗಿಸಿದೆ. ಆದರೆ ಒಂದು ಗಳಿಗೆ ತಡವಾಗಿ ತಗ್ಗಿಸಿದೆ. ಕಿಟಕಿಯಾಚೆ ತಂತಿಗೆ ಸಿಕ್ಕಿಕೊಂಡಿದ್ದ ಗಾಳಿಪಟವನ್ನು ನೋಡುತ್ತಿದ್ದವಳಿಗೆ ವಿಷಯ ತಲೆಗಿಳಿಯುವಷ್ಟರಲ್ಲಿ ಮೇಡಂ ಕಣ್ಣು ನನ್ನ ಮೇಲೆ ಬಿದ್ದಿತ್ತು.

“ನಳಿನಿ ಹೋಗಲಿ, ಇಂಗ್ಲಿಷು ಚೆನ್ನಾಗಿ ಮಾತಾಡ್ತಾಳೆ” ಎಂದರು.

ನಾನು ಇಂಗ್ಲಿಷಿನಲ್ಲಿ ಮಾತಾಡಿದ್ದನ್ನು ಅವರು ಕೇಳಿದ್ದು ಒಂದೇ ಸಲ, ಕಾಲೇಜಿನ ಸಮಾರಂಭದಲ್ಲಿ ವಂದನಾರ್ಪಣೆ ಓದಿದಾಗ. ಅದನ್ನು ಬರೆದುಕೊಟ್ಟಿದ್ದವರೂ ಅವರೇ. ಬೆಳಿಗ್ಗೆ ಬಸವೇಶ್ವರನಗರದ ಒಂದು ಶಿಶುವಿಹಾರ, ಆಮೇಲೆ ಬಿನ್ನಿಪೇಟೆಯ ಹತ್ತಿರ ಗಿರಣಿ ಕೆಲಸಗಾರರ ಮಕ್ಕಳು ಓದುವ ಪ್ರೈಮರಿ ಸ್ಕೂಲು, ಮಧ್ಯಾಹ್ನ ಜ್ಞಾನಭಾರತಿಯಲ್ಲಿ ಶಿಕ್ಷಣ ವಿಭಾಗದ ಪ್ರೊಫೆಸರ ಭೇಟಿ, ಸಂಜೆ ನಮ್ಮ ಕಾಲೇಜಿನಲ್ಲಿ ಆ ಹುಡುಗಿಯಿಂದ ತಾನು ಕಂಡದ್ದರ ಬಗ್ಗೆ ನಾಲ್ಕು ಮಾತು. ಇಷ್ಟನ್ನು ಹೇಳಿ, ಹೆಗಲ ಮೇಲೆ ಕೈಯಿಟ್ಟು, ನಾನು ಆಗಲೇ ಹೇಳಿದೆನಲ್ಲ, ಆ ಮಾತನ್ನು ಆಡಿ ಹೊರಟುಹೋದರು.

ರಾಜಾಜಿನಗರದ ನಮ್ಮ ಮನೆಯಲ್ಲಿ ಈ ಸುದ್ದಿ ಮದುವೆಯ ಗಡಿಬಿಡಿ ಎಬ್ಬಿಸಿತು. ಅಮ್ಮ ನೀರನ್ನು ಕುದಿಸಿ ಆರಿಸಿ ಫ್ಲಾಸ್ಕಿಗೆ ತುಂಬಿಸಿಟ್ಟಳು. ಆ ದೇಶದವರಿಗೆ ನಮ್ಮ ನೀರು ಆಗಿಬರುವುದಿಲ್ಲವಂತೆ, ನಮ್ಮ ಬಿಸಿಲು ಆಗುವುದಿಲ್ಲವಂತೆ, ಖಾರವಂತೂ ಮುಟ್ಟುವುದೇ ಇಲ್ಲವಂತೆ ಎಂದು ಅಮ್ಮ ಹೇಳುತ್ತಾ ಹೋದ ಹಾಗೆ, ಆ ಹುಡುಗಿ ಇಷ್ಟು ದಿನ ಬದುಕಿರುವುದೇ ಆಶ್ಚರ್ಯ ಅನ್ನಿಸತೊಡಗಿತು. ಅಪ್ಪ ಮಾತ್ರ, ಓದುವುದಕ್ಕೆ ಊರು ಬಿಟ್ಟು ಬಂದವರ ಕಷ್ಟವೇ ಬೇರೆ ಕಣಮ್ಮ ಎಂದರು. ಅಪ್ಪ ತುಮಕೂರಿನಲ್ಲಿ ವಾರಾನ್ನದಿಂದ ಓದಿದವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ವಾರವನ್ನು ಮನೆಗಳಿಗೆ ಹಂಚಿ ಊಟ. ಆ ಕಾಲದ ಎಷ್ಟೋ ಮೇಷ್ಟ್ರುಗಳು, ವಕೀಲರು, ಗುಮಾಸ್ತರು ಹಾಗೆ ಇನ್ನೊಬ್ಬರ ಮನೆಯ ಎಲೆಯ ಮುಂದೆ ಕೂತು ಬೆಳೆದವರೇ. ಹಸಿವಿನ ಚಿಂತೆ ಇರಲಿಲ್ಲ, ಇವತ್ತು ನನ್ನ ದಿನ ಅನ್ನುವುದು ಆ ಮನೆಯವರಿಗೆ ನೆನಪಿದೆಯೋ ಇಲ್ಲವೋ ಅನ್ನುವುದೇ ಚಿಂತೆ ಎಂದು ಅಪ್ಪ ಹೇಳುತ್ತಿದ್ದರು. ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದರಂತೆ. ಒಳಗಿನಿಂದ ‘ಬಾಪ್ಪ’ ಎನ್ನುವವರೆಗೂ ಜೀವ ಕೈಯಲ್ಲಿ. ನನಗೆ ಆ ಹೊತ್ತಿಗೆ ಇದೆಲ್ಲ ಕೇಳುವ ವ್ಯವಧಾನವಿರಲಿಲ್ಲ. ದಾರಿಯಲ್ಲಿ ಸಿಗುವ ವಸ್ತುಗಳಿಗೆಲ್ಲ ಇಂಗ್ಲಿಷ್ ವಾಕ್ಯ ಹೊಂದಿಸುತ್ತಿದ್ದೆ. ಹುಣಿಸೇ ಮರದ ಇಂಗ್ಲಿಷ್ ಹೆಸರು ನೆನಪಾಗುವಷ್ಟರಲ್ಲಿ ಬಸ್ಸು ಮರವನ್ನು ದಾಟಿಬಿಟ್ಟಿದ್ದರೆ ಏನು ಗತಿ ಎಂದು ಯೋಚಿಸುತ್ತಲೇ ಬೆಳಗಾಯಿತು.

ಮೇಡಂ ಮನೆಯ ಗೇಟಿನಲ್ಲಿ ಮಿಚಿಕೊ ನನಗಾಗಿ ಕಾದು ನಿಂತಿದ್ದಳು. ಪುಟ್ಟ ಆಳು, ಕತ್ತರಿಸಿದ ಕೂದಲು, ಕ್ಯಾನ್ವಾಸ್ ಶೂಸು, ಹೆಗಲಿಗೆ ಬಟ್ಟೆಯ ಚೀಲ. ನಾನು ಕೈ ಕುಲುಕಬೇಕೋ ಕೈ ಮುಗಿಯಬೇಕೋ ಎಂದು ತೀರ್ಮಾನ ಮಾಡುವಷ್ಟರಲ್ಲಿ ಅವಳು ಸೊಂಟದವರೆಗೆ ಬಾಗಿಬಿಟ್ಟಳು. ನಾನೂ ಗಡಿಬಿಡಿಯಲ್ಲಿ ಬಾಗಿದೆ. ಬಿ.ಎಡ್. ಹುಡುಗಿಯರು ಸೀರೆ ಉಡಲೇಬೇಕು ಅನ್ನುವ ನಿಯಮವಿದ್ದ ಕಾಲ ಅದು. ನನಗೆ ಸೀರೆ ಇನ್ನೂ ಹೊಸದು, ಅಲ್ಲಲ್ಲಿ ಪಿನ್ನು ಚುಚ್ಚಿ ನಿಲ್ಲಿಸಿದ್ದ ಕಟ್ಟಡ. ಬಾಗಿದ ರಭಸಕ್ಕೆ ಎಲ್ಲೋ ಒಂದು ಪಿನ್ನು ಬಿಚ್ಚಿಕೊಂಡು ದಿನವಿಡೀ ಸೊಂಟಕ್ಕೆ ಚುಚ್ಚುತ್ತಾ ಇತ್ತು.

ನಾನು ಏನು ಹೇಳಿದರೂ ಮಿಚಿಕೊ ‘ಯೆಸ್ ಯೆಸ್’ ಎನ್ನುತ್ತಿದ್ದಳು. ರಸ್ತೆ ತೋರಿಸಿದರೆ ಯೆಸ್, ಹಸು ತೋರಿಸಿದರೆ ಯೆಸ್. ಎಲ್ಲವನ್ನೂ ಆಗಲೇ ಬಲ್ಲವಳ ಹಾಗೆ ಕಂಡಿತು. ಇಷ್ಟು ಚುಟುಕಾಗಿ ಉತ್ತರ ಹೇಳಬೇಕಾದರೆ ಅವಳ ಇಂಗ್ಲಿಷು ಎಷ್ಟು ದೊಡ್ಡದಿರಬೇಕು, ನನ್ನ ವಾಕ್ಯಗಳ ತಪ್ಪನ್ನು ಎಷ್ಟು ಚೆನ್ನಾಗಿ ಸಹಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡು ನಾನು ಇನ್ನಷ್ಟು ಕುಗ್ಗಿದೆ.

ಶಿಶುವಿಹಾರದಲ್ಲಿ ಮಕ್ಕಳು ಅವಳ ಕೂದಲು ಮುಟ್ಟಿ ನೋಡಿದವು, ಅವಳ ತೊಡೆಯ ಮೇಲೆ ಜಗಳವಾಡಿಕೊಂಡು ಕೂತವು. ಅವಳು ನಕ್ಕಳು, ಅವರ ಜೊತೆ ಚಪ್ಪಾಳೆ ತಟ್ಟಿದಳು. ಬಿಸಿಲಿಗೆ ಬಂದಾಗಲೇ ನಾನು ಅವಳ ಮುಖವನ್ನು ಸರಿಯಾಗಿ ನೋಡಿದ್ದು. ಕಣ್ಣು ಕೆಂಪಗಿದ್ದವು, ಕೆಳಗೆ ಕಪ್ಪು ಬಿದ್ದಿತ್ತು. ಮೈ ಸರಿಯಿದೆಯಾ ಎಂದು ಕೇಳಿದೆ. ಯೆಸ್ ಯೆಸ್ ಎಂದಳು. ಫ್ಲಾಸ್ಕಿನ ನೀರು ಕೊಟ್ಟೆ, ಕುಡಿದಳು. ಕುಡಿದ ಮೇಲೆ ನನ್ನ ಕಳವಳ ಹೆಚ್ಚಾಯಿತು. ಅಮ್ಮ ನೀರನ್ನು ಸಾಕಷ್ಟು ಕುದಿಸಿದ್ದಳೋ ಇಲ್ಲವೋ.

ಬಿನ್ನಿಪೇಟೆಯ ಶಾಲೆಯಲ್ಲಿ ನಾವು ಹೆಚ್ಚು ಹೊತ್ತು ಇರುವುದೆಂದು ಇರಲಿಲ್ಲ. ಆದರೆ ಹೆಡ್‌ಮಾಸ್ಟರು ಒತ್ತಾಯ ಮಾಡಿದರೆಂದು ಮಿಚಿಕೊ ಬೋರ್ಡಿನ ಮೇಲೆ ತನ್ನ ಭಾಷೆಯ ಅಕ್ಷರಗಳಲ್ಲಿ ಒಂದು ಮಗುವಿನ ಹೆಸರು ಬರೆದಳು. ಅಷ್ಟೇ ಸಾಕಾಯಿತು. ಇಡೀ ಕ್ಲಾಸು ಎದ್ದುನಿಂತು ‘ಮಿಸ್ ನಂದು, ಮಿಸ್ ನಂದು’ ಎಂದು ಕೈಚಾಚಿತು. ಮಂಜ, ರವಿ, ಸಲೀಮ ಎಲ್ಲರೂ ಬೋರ್ಡಿನ ಮೇಲೆ ಬಂದರು. ವೆಂಕಟಲಕ್ಷ್ಮಮ್ಮ ಅನ್ನುವ ಹುಡುಗಿಯ ಹೆಸರು ಬೋರ್ಡಿನ ಈ ತುದಿಯಿಂದ ಆ ತುದಿಯವರೆಗೂ ಹೋಯಿತು. ಆ ಹುಡುಗಿ ತನ್ನ ಹೆಸರಿನ ಮುಂದೆ ನಿಂತು ಅದರ ಉದ್ದವನ್ನು ನೋಡುತ್ತಿದ್ದ ಹೆಮ್ಮೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಗ ಮಾತ್ರ ನಾನು ಅದನ್ನು ಅರ್ಧ ಕಣ್ಣಿನಲ್ಲಿ ನೋಡುತ್ತಿದ್ದೆ. ಉಳಿದ ಒಂದೂವರೆ ಕಣ್ಣು ಗಡಿಯಾರದ ಮೇಲಿತ್ತು. ಪ್ರೊಫೆಸರು ಕಾಯುತ್ತಿರುತ್ತಾರೆ. ಕಾಯಿಸಿದರೆ ಕೋಪ ಬರುವ ಮನುಷ್ಯ ಎಂದು ಮೇಡಂ ಮೊದಲೇ ಹೇಳಿದ್ದರು.

ಅಲ್ಲಿಂದ ಬಿಡಿಸಿಕೊಂಡು ಸಿರ್ಸಿ ಸರ್ಕಲ್ಲಿನ ಸ್ಟಾಪಿಗೆ ಬರುವಷ್ಟರಲ್ಲಿ ಜ್ಞಾನಭಾರತಿಯ ಮೇಲೆ ಹೋಗುವ ಕೆಂಗೇರಿ ಬಸ್ಸು ಬಂದೇಬಿಟ್ಟಿತು. ತುಂಬಿ ಒಂದು ಕಡೆ ವಾಲಿತ್ತು. ಹೆಂಗಸರ ಬಾಗಿಲಿನಲ್ಲಿ ಇಳಿಯುವವರಿಗೂ ಹತ್ತುವವರಿಗೂ ನೂಕುನುಗ್ಗಲು. ಒಂದು ಕ್ಷಣ ನಾನು ನನ್ನ ಬುದ್ಧಿಯಂತೆ ನಡೆದಿದ್ದರೆ ಮೊದಲು ನಾನು ಹತ್ತಿ, ಕೈಕೊಟ್ಟು ಅವಳನ್ನು ಎಳೆದುಕೊಳ್ಳುತ್ತಿದ್ದೆ. ಆದರೆ ನಮ್ಮ ಮೈಯಲ್ಲಿ ಇನ್ನೊಂದು ಬುದ್ಧಿ ಸೇರಿಕೊಂಡಿದೆಯಲ್ಲ. ಪುರಾಣಗಳಲ್ಲಿ ಅತಿಥಿಗಳಾಗಿ ಬರುವ ಋಷಿಗಳನ್ನೇ ನೋಡಿ, ಮೊದಲು ನೀರು ಅವರ ಕಾಲಿಗೆ, ಮೊದಲ ತುತ್ತು ಅವರ ಎಲೆಗೆ. ಸ್ವಲ್ಪ ಹೆಚ್ಚುಕಮ್ಮಿಯಾದರೆ ಶಾಪ. ಆ ಕತೆಗಳನ್ನು ಕೇಳಿ ಬೆಳೆದ ನಾನು ಅತಿಥಿಯನ್ನು ಬೆನ್ನಿಗೆ ಕೈಕೊಟ್ಟು ನೂಕಿ ಮೊದಲು ಹತ್ತಿಸಿದೆ. ನಾನು ಸೀರೆಯ ನೆರಿಗೆ ಹಿಡಿದು ಕಾಲೆತ್ತುವಷ್ಟರಲ್ಲಿ ರೈಟ್ ರೈಟ್ ಎಂಬ ಕೂಗು ಕೇಳಿಸಿತು. ಬಸ್ಸು ಹೊರಟಿತು.

ನಾನು ಓಡಿದೆ. ಕೂಗಿದೆ. ಸೀರೆ ಉಟ್ಟು ನಡೆಯುವುದೇ ಕಷ್ಟವಾಗಿದ್ದವಳು ಎರಡೂ ಕೈಯಲ್ಲಿ ಸೀರೆ ಎತ್ತಿಕೊಂಡು, ಕಂಕುಳಲ್ಲಿ ಫ್ಲಾಸ್ಕು ಇಟ್ಟುಕೊಂಡು ಮೈಸೂರು ರಸ್ತೆಯಲ್ಲಿ ಓಡಿದೆ. ಕಿಟಕಿಯ ಹತ್ತಿರ ಯಾರದೋ ಭುಜದ ಪಕ್ಕದಲ್ಲಿ ಮಿಚಿಕೊಳ ಮುಖ ಒಂದು ಸಲ ಕಾಣಿಸಿತು. ಅವಳು ಕೂಗಲಿಲ್ಲ, ಕೈಬೀಸಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಒಂದು ಲಾರಿ ಅಡ್ಡ ಬಂತು.

ಆಟೋ ಸಿಗುವುದು ತಡವಾಯಿತು. ಸಿಕ್ಕಿದ ಆಟೋದವನಿಗೆ ಮುಂದೆ ಹೋದ ಕೆಂಗೇರಿ ಬಸ್ಸನ್ನು ಹಿಡಿಯಬೇಕು ಎಂದೆ. ಪರ್ಸು ಬಿಟ್ಟುಬಿಟ್ರಾ ಎಂದು ಕೇಳಿದ. ಇಲ್ಲ, ಜಪಾನಿನ ಹುಡುಗಿಯನ್ನು ಎಂದೆ. ಅವನು ಪೂರ್ತಿ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದ, ಮತ್ತೇನೂ ಕೇಳದೆ ಗಾಡಿ ಬಿಟ್ಟ. ಸಂಕ್ರಾಂತಿ ಹತ್ತಿರ ಬಂದಿತ್ತು. ಎದುರಿನಿಂದ ಕಬ್ಬು ಹೇರಿಕೊಂಡ ಲಾರಿಗಳು ಮಾರ್ಕೆಟ್ಟಿನ ಕಡೆ ಬರುತ್ತಿದ್ದವು, ಪ್ರತಿಯೊಂದಕ್ಕೂ ನಮ್ಮ ಆಟೋ ದಾರಿಬಿಟ್ಟು ಮಣ್ಣಿಗೆ ಇಳಿಯುತ್ತಿತ್ತು.

ಆ ದಾರಿಯಲ್ಲಿ ನನ್ನ ತಲೆಯಲ್ಲಿ ಏನೇನು ನಡೆಯಿತು ಎಂದು ಹೇಳಲು ಈಗ ನಗು ಬರುತ್ತದೆ. ನಾಳೆಯ ಪೇಪರು ಕಣ್ಣಿಗೆ ಬಂತು. ಎರಡು ದೇಶಗಳ ನಡುವಿನ ಸಂಬಂಧ ಹದಗೆಟ್ಟಿತು. ನನ್ನನ್ನು ಕಾಲೇಜಿನಿಂದ ತೆಗೆದರು, ಅಪ್ಪ ತಲೆ ತಗ್ಗಿಸಿ ಮೇಡಂ ಮುಂದೆ ನಿಂತರು. ಬ್ಯಾಟರಾಯನಪುರ ದಾಟುವವರೆಗೂ ಇದೇ ನಡೆಯಿತು, ಎಲ್ಲದರಲ್ಲೂ ನಾನೇ ನಾಯಕಿ. ದಾಟಿದ ಮೇಲೆ, ಯಾಕೋ ಗೊತ್ತಿಲ್ಲ, ನಾನು ನೋಡೇ ಇಲ್ಲದ ಒಬ್ಬ ಹೆಂಗಸು ನೆನಪಾದಳು. ಮಿಚಿಕೊಳ ತಾಯಿ. ಯಾವುದೋ ಊರಿನಲ್ಲಿ ತನ್ನ ಮನೆಯ ಕೆಲಸ ಮಾಡಿಕೊಂಡು, ಮಗಳು ಈ ಹೊತ್ತಿಗೆ ಎಲ್ಲಿದ್ದಾಳೋ ಎಂದುಕೊಳ್ಳುತ್ತಿರುತ್ತಾಳೆ. ಅವಳ ಮುಖ ನನಗೆ ಗೊತ್ತಿಲ್ಲದ್ದರಿಂದ ನಮ್ಮಮ್ಮನ ಮುಖವೇ ಬಂದು ಕೂತಿತು. ಆಗ ನನಗೆ ಅಳು ಬಂತು. ಅಲ್ಲಿಯವರೆಗೆ ಇದ್ದದ್ದು ಭಯ, ಇದು ಬೇರೆ.

ಕೆಂಗೇರಿಯಲ್ಲಿ ಆ ಬಸ್ಸು ಖಾಲಿಯಾಗಿ ನಿಂತಿತ್ತು. ಕಂಡಕ್ಟರು ಪಕ್ಕದ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದ. ನನ್ನ ಮಾತು ಮುಗಿಯುವ ಮುಂಚೆಯೇ ಅವನಿಗೆ ಗೊತ್ತಾಯಿತು.

“ಆ ನೇಪಾಳದ ಹುಡುಗೀನಾ? ನಾಯಂಡಹಳ್ಳೀಲೇ ಇಳೀತಲ್ಲಮ್ಮ. ಯಾವ್ದೋ ಒಂದು ಅಜ್ಜಿ ಕೈ ಹಿಡ್ಕೊಂಡು ಇಳಿಸ್ಕೊಂಡು ಹೋಯ್ತು.”

ನಾಯಂಡಹಳ್ಳಿಯನ್ನು ನಾವು ದಾಟಿಯೇ ಬಂದಿದ್ದೆವು. ಯಾವ ಅಜ್ಜಿ, ಯಾಕೆ ಇಳಿಸಿಕೊಂಡಳು, ಎಲ್ಲಿಗೆ ಕರೆದುಕೊಂಡು ಹೋದಳು, ಕಂಡಕ್ಟರಿಗೆ ಗೊತ್ತಿರಲಿಲ್ಲ. ಮಕ್ಕಳನ್ನು ಕದ್ದುಕೊಂಡು ಹೋಗುವ ಅಜ್ಜಿಯರ ಬಗ್ಗೆ ಚಿಕ್ಕಂದಿನಲ್ಲಿ ಕೇಳಿದ್ದೆಲ್ಲ ನೆನಪಿಗೆ ಬಂತು. ಆಟೋದವನು ನಾನು ಕೇಳುವ ಮುಂಚೆಯೇ ಗಾಡಿ ತಿರುಗಿಸಿದ್ದ.

ನಾಯಂಡಹಳ್ಳಿ ಸ್ಟಾಪಿನಲ್ಲಿ ಇಳಿದು ಯಾರನ್ನು ಕೇಳುವುದು, ಏನೆಂದು ಕೇಳುವುದು ಎಂದು ಸುತ್ತ ನೋಡುತ್ತಿದ್ದೆ. ಮರದ ಕೆಳಗೆ ಕೂತಿದ್ದ ಹೆಂಗಸೊಬ್ಬಳು ಎದ್ದು ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಸೀರೆ ಎತ್ಕೊಂಡು ಓಡ್ತಿದ್ದ ಹುಡುಗಿ ನೀನೇನವ್ವಾ?” ಎಂದಳು.

ಹೌದು ಎಂದೆ.

“ಬಾ ಮತ್ತೆ. ಆವಾಗಿಂದ ಬಸ್ಸು ಬಸ್ಸು ನೋಡ್ತಾ ಕುಂತಿವ್ನಿ. ನೀನು ಆಟೋದಾಗೆ ಬತ್ತೀಯ ಅಂತ ನಮ್ಮತ್ತೆ ಹೇಳ್ನೇ ಇಲ್ಲ.”

ಅವಳ ಹೆಸರು ಜಯಮ್ಮ. ಅವಳ ಅತ್ತೆ ಹೊನ್ನಮ್ಮ ಅಂದು ಬೆಳಿಗ್ಗೆ ಮಾರ್ಕೆಟ್ಟಿಗೆ ಅವರೆಕಾಯಿ ಹಾಕಿ ಅದೇ ಬಸ್ಸಿನಲ್ಲಿ ವಾಪಸು ಬರುತ್ತಿದ್ದಳಂತೆ. ಹುಡುಗಿಯೊಬ್ಬಳನ್ನು ಯಾರೋ ನೂಕಿ ಹತ್ತಿಸಿದ್ದು, ನೂಕಿದವಳು ಕೆಳಗೇ ಉಳಿದು ಓಡಿಬಂದದ್ದು ಎಲ್ಲವನ್ನೂ ಕಿಟಕಿಯಿಂದ ನೋಡಿದ್ದಳಂತೆ. ಹುಡುಗಿಗೆ ಎಲ್ಲಿ ಇಳಿಯಬೇಕೆಂದು ಗೊತ್ತಿಲ್ಲ, ಹೇಳಿದರೆ ತಿಳಿಯುವುದಿಲ್ಲ, ಸುಮ್ಮನೆ ಕಣ್ಣಲ್ಲಿ ನೀರು ಹಾಕುತ್ತಿದ್ದಾಳೆ. ತನ್ನ ಊರು ಬಂದಾಗ ಹೊನ್ನಮ್ಮ ಅವಳ ಕೈ ಹಿಡಿದು ಇಳಿಸಿಕೊಂಡಿದ್ದಾಳೆ. ಓಡಿದವಳು ಹಿಂದೆ ಬಂದೇ ಬರುತ್ತಾಳೆ, ಗುರುತು ಹಿಡಿದು ಕರೆದುಕೊಂಡು ಬಾ ಎಂದು ಸೊಸೆಯನ್ನು ಸ್ಟಾಪಿನಲ್ಲಿ ಕೂರಿಸಿದ್ದಾಳೆ. ಇದನ್ನೆಲ್ಲ ಜಯಮ್ಮ ದಾರಿಯುದ್ದಕ್ಕೂ ಹೇಳುತ್ತಾ ಬಂದಳು. ಆ ಹೊತ್ತಿಗೆ ನಾನೂ ಕಣ್ಣಲ್ಲಿ ನೀರು ಹಾಕುತ್ತಿದ್ದೆ.

ಹಳೇ ಊರಿನ ಮನೆ. ಸುತ್ತ ಹೊಲಗಳಿದ್ದ ಜಾಗದಲ್ಲಿ ಸೈಟಿನ ಕಲ್ಲುಗಳು ಎದ್ದಿದ್ದವು, ಉಳಿದ ಒಂದು ತುಂಡಿನಲ್ಲಿ ಅವರೆ ಹಬ್ಬಿತ್ತು. ಪಡಸಾಲೆಯಲ್ಲಿ ಚಾಪೆಯ ಮೇಲೆ ಮಿಚಿಕೊ ಮಲಗಿದ್ದಳು. ಮೇಲೆ ಕರಿ ಕಂಬಳಿ. ಶೂಸು ಬಿಚ್ಚಿ ಗೋಡೆಗೆ ಒರಗಿಸಿಟ್ಟಿದ್ದರು. ನನಗೆ ಮೊದಲು ಹೊಳೆದದ್ದು ಇವಳಿಗೆ ಏನೋ ಆಗಿಹೋಗಿದೆ ಅನ್ನುವುದೇ. ಪಕ್ಕದಲ್ಲಿ ಕೂತು ಕಾಯಿ ಬಿಡಿಸುತ್ತಿದ್ದ ಹೊನ್ನಮ್ಮ ಬಾಯಿಯ ಮೇಲೆ ಬೆರಳಿಟ್ಟಳು.

“ಮೆಲ್ಲಗೆ. ಈಗ ಕಣ್ಣು ಹತ್ತೈತೆ.”

ಜ್ವರವೇ ಎಂದು ಕೇಳಿದೆ. ಜ್ವರವೂ ಇಲ್ಲ ಏನೂ ಇಲ್ಲ, ಎಷ್ಟೋ ದಿನದಿಂದ ನಿದ್ದೆಗೆಟ್ಟಿರೋ ಕಣ್ಣು ಅದು, ನಿಮ್ಮ ಯಾರ ಕಣ್ಣಿಗೂ ಬೀಳಲಿಲ್ಲವೇ ಎಂದು ಕೇಳಿದಳು. ಬೆಳಿಗ್ಗೆಯೇ ನನ್ನ ಕಣ್ಣಿಗೆ ಬಿದ್ದಿತ್ತು. ಜ್ಞಾನಭಾರತಿಯಲ್ಲಿ ಪ್ರೊಫೆಸರು ಕಾಯುತ್ತಿದ್ದಾರೆ, ತುಂಬ ದೊಡ್ಡವರು, ಈಗಲೇ ಎಬ್ಬಿಸಿಕೊಂಡು ಹೊರಟರೆ ಹೇಗೋ ಮುಟ್ಟಬಹುದು ಎಂದೆ. ಹೊನ್ನಮ್ಮ ಬೇಡವೆನ್ನಲಿಲ್ಲ. ಕಾಯಿ ಬಿಡಿಸುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು.

“ನಿಂಗೆ ಬೇಕಾದ್ರೆ ಎಬ್ಬಿಸವ್ವ. ನಂಗೆ ಮನಸು ಬರಾಕಿಲ್ಲ.”

ನಾನು ಬಗ್ಗಿದೆ. ಕೈಯನ್ನೂ ಚಾಚಿದೆ. ಮಿಚಿಕೊ ಬಾಯಿ ಸ್ವಲ್ಪ ತೆರೆದುಕೊಂಡು, ಒಂದು ಕೈಯನ್ನು ಕೆನ್ನೆಯ ಕೆಳಗಿಟ್ಟುಕೊಂಡು ಮಲಗಿದ್ದಳು. ಬೆಳಗಿನಿಂದ ಎಲ್ಲದಕ್ಕೂ ಒಪ್ಪಿಕೊಳ್ಳುತ್ತಾ ಬಂದಿದ್ದ ಮುಖ ಈಗ ಯಾರಿಗೂ ಏನನ್ನೂ ಒಪ್ಪಿಕೊಳ್ಳುತ್ತಿರಲಿಲ್ಲ. ಒಂದು ಕಡೆ ಪ್ರೊಫೆಸರ ಕೋಪ, ಮೇಡಂ ಕೋಪ, ನನ್ನ ಮಾರ್ಕ್ಸು. ಇನ್ನೊಂದು ಕಡೆ ಈ ನಿದ್ದೆ. ಕೈ ಹಿಂದಕ್ಕೆ ತೆಗೆದುಕೊಂಡು ಅಲ್ಲೇ ಕೂತೆ. ಧೈರ್ಯದಿಂದ ಕೂತೆ ಎಂದು ತಿಳಿಯಬೇಡಿ. ಸುಮ್ಮನಿರಲಾರದೆ ಹೊನ್ನಮ್ಮನ ಮೊರದಿಂದ ಒಂದು ಹಿಡಿ ಅವರೆಕಾಯಿ ತೆಗೆದುಕೊಂಡು ಬಿಡಿಸತೊಡಗಿದೆ. ಕಾಯಿ ಬಿಡಿಸುತ್ತಾ ಬಿಡಿಸುತ್ತಾ ಬೆರಳೆಲ್ಲ ಸೊಗಡಿನ ವಾಸನೆಯಾಯಿತು, ಪ್ರೊಫೆಸರ ಹೊತ್ತು ಮೀರಿತು. ಮೀರಿದ ಮೇಲೆ ವಿಚಿತ್ರವಾಗಿ ಉಸಿರು ಸ್ವಲ್ಪ ಸಲೀಸಾಯಿತು.

ಮಿಚಿಕೊ ಎದ್ದಾಗ ಬಿಸಿಲು ಅಂಗಳದ ಆಚೆ ಬದಿಗೆ ಹೋಗಿತ್ತು. ನನ್ನನ್ನು ಕಂಡು ಗಡಬಡಿಸಿ ಎದ್ದು, ಕಂಬಳಿಯ ಮೇಲೆಯೇ ಕೂತು ಬಾಗಿದಳು. ಜಯಮ್ಮ ಇಬ್ಬರಿಗೂ ಮುದ್ದೆ, ಅವರೆಕಾಳಿನ ಸಾರು ಬಡಿಸಿದಳು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಹೊನ್ನಮ್ಮ ಬಾಯಿ ತೆರೆದು, ಗಂಟಲು ಮುಟ್ಟಿ ತೋರಿಸಿದಳು. ಮಿಚಿಕೊ ನುಂಗಿದಳು, ಖಾರಕ್ಕೆ ಕಣ್ಣು ಒರೆಸಿಕೊಂಡಳು, ಮತ್ತೆ ನುಂಗಿದಳು. ಅಮ್ಮ ನೋಡಿದ್ದರೆ ಅಲ್ಲೇ ಕುಸಿಯುತ್ತಿದ್ದಳು.

ಊಟದ ನಡುವೆ ಅವಳು ಮೊದಲ ಸಲ ಯೆಸ್ ಬಿಟ್ಟು ಬೇರೆ ಮಾತಾಡಿದಳು. ಒಂದೊಂದೇ ಪದವನ್ನು ಹುಡುಕಿ ತೆಗೆದು ಇಟ್ಟ ಹಾಗೆ ಆಡಿದ ಆ ಮಾತುಗಳನ್ನು ಜೋಡಿಸಿದರೆ ಸಾರಾಂಶ ಇಷ್ಟು. ಅವಳಿಗೆ ಇಂಗ್ಲಿಷು ಬರುವುದಿಲ್ಲ. ಪ್ರತಿ ರಾತ್ರಿ ಮಾರನೆಯ ದಿನಕ್ಕೆ ಬೇಕಾದ ಇಂಗ್ಲಿಷನ್ನು ಕೂತು ತಯಾರು ಮಾಡಿಕೊಳ್ಳುತ್ತಾಳೆ, ಅದಕ್ಕೇ ನಿದ್ದೆಯಿಲ್ಲ. ನಿನ್ನೆಯಂತೂ ನಮ್ಮ ಮೇಡಂ, ನಾಳೆ ಬರುವ ಹುಡುಗಿ ಇಂಗ್ಲಿಷಿನಲ್ಲಿ ಪಂಡಿತೆ ಎಂದುಬಿಟ್ಟರಂತೆ. ನನಗೆ ಹೆದರಿ ಅವಳು ಬೆಳಗಿನವರೆಗೂ ಮಲಗಿರಲಿಲ್ಲ.

ನನಗೆ ಹೆದರಿ. ಹುಟ್ಟಿದಾಗಿನಿಂದ ನನಗೆ ಯಾರೂ ಹೆದರಿರಲಿಲ್ಲ. ನಾನೂ ನನ್ನ ರಾತ್ರಿಯ ಕತೆ ಹೇಳಿದೆ. ಕೈಸನ್ನೆ ಮಾಡಿ ಹುಣಿಸೇ ಮರವನ್ನೂ ಅದನ್ನು ದಾಟಿಹೋಗುವ ಬಸ್ಸನ್ನೂ ತೋರಿಸಿದೆ. ಅವಳಿಗೆ ಅರ್ಥವಾಗುವುದು ಸ್ವಲ್ಪ ತಡವಾಯಿತು. ಆದ ಮೇಲೆ ಇಬ್ಬರೂ ಬಡಿಸಿದ ತಟ್ಟೆಯ ಮುಂದೆ ಕೂತು ನಕ್ಕಿದ್ದನ್ನು ನೋಡಿ, ಇವಕ್ಕೆ ಖಾರ ನೆತ್ತಿಗೇರಿತೇನೋ ಎಂದು ಜಯಮ್ಮ ನೀರು ತಂದಿಟ್ಟಳು.

ಹಾಗಾದರೆ ಇಲ್ಲಿ ಹೇಗೆ ನಿದ್ದೆ ಬಂತು ಎಂದು ಕೇಳಿದೆ. ಅವಳು ಹೊನ್ನಮ್ಮನ ಕಡೆ ತೋರಿಸಿ ಹೇಳಿದ್ದನ್ನು ನಾನು ಈಗಲೂ ಆಗಾಗ ಯೋಚಿಸುತ್ತೇನೆ. ಇಂಗ್ಲಿಷು ಅರ್ಧ ಅರ್ಥವಾಗುತ್ತದೆ, ಆದ್ದರಿಂದ ಉತ್ತರ ಕೊಡಲೇಬೇಕು. ಈ ಅಜ್ಜಿಯ ಮಾತು ಒಂದಕ್ಷರವೂ ಅರ್ಥವಾಗಲಿಲ್ಲ, ಆದ್ದರಿಂದ ಉತ್ತರ ಹುಡುಕುವ ಕಷ್ಟವಿರಲಿಲ್ಲ. ಅಜ್ಜಿ ಕಾಯಿ ಬಿಡಿಸುತ್ತಾ ಮಾತಾಡುತ್ತಲೇ ಇದ್ದಳು, ಇವಳು ಕೇಳುತ್ತಾ ಕೇಳುತ್ತಾ ಮಲಗಿಬಿಟ್ಟಳು.

ಹೊರಡುವಾಗ ಹೊನ್ನಮ್ಮ ಅವಳ ಹಣೆಗೆ ಕುಂಕುಮವಿಟ್ಟು, ಚೀಲಕ್ಕೆ ಅವರೆಕಾಯಿ ತುಂಬಿದಳು. ಈ ಸಲ ಬಸ್ಸಿಗೆ ನಾವು ಒಬ್ಬರ ತೋಳು ಒಬ್ಬರು ಬಿಗಿಯಾಗಿ ಹಿಡಿದುಕೊಂಡು ಅಡ್ಡಡ್ಡವಾಗಿ ಹತ್ತಿದೆವು. ಕಂಡಕ್ಟರು ಬೈದ.

ಆದರೆ ಸಂಜೆಯ ಸಭೆ ಬಾಕಿಯಿತ್ತು. ಮಿಚಿಕೊ ವೇದಿಕೆ ಹತ್ತಿದಾಗ ನನ್ನ ಪುಕುಪುಕು ಮತ್ತೆ ಶುರುವಾಯಿತು. ಮುಂದಿನ ಸಾಲಿನಲ್ಲಿ ಮೇಡಂ. ದಾರಿ ತಪ್ಪಿದ ವಿಷಯವನ್ನು ಇವಳು ಅಲ್ಲಿ ಹೇಳಿಬಿಟ್ಟರೆ? ಹೇಳಬೇಡ ಎಂದು ಅವಳ ಹತ್ತಿರ ನಾನು ಹೇಳಿರಲಿಲ್ಲ. ಹೇಳುವುದಕ್ಕೆ ನಾಚಿಕೆಯಾಗಿತ್ತು. ಅವಳು ಶಿಶುವಿಹಾರದ ಬಗ್ಗೆ ಹೇಳಿದಳು, ಬಿನ್ನಿಪೇಟೆಯ ಮಕ್ಕಳ ಹೆಸರುಗಳ ಬಗ್ಗೆ ಹೇಳಿದಳು. ಆಮೇಲೆ ‘ಯೂನಿವರ್ಸಿಟಿ’ ಎಂದು ನಿಲ್ಲಿಸಿದಳು. ಅವಳು ನನ್ನ ಕಡೆ ಒಮ್ಮೆ ನೋಡಿ, ತನ್ನ ಪುಟ್ಟ ಇಂಗ್ಲಿಷಿನಲ್ಲಿ, ಯೂನಿವರ್ಸಿಟಿಯಲ್ಲಿ ತುಂಬಾ ಒಳ್ಳೆಯ ನಿದ್ದೆ ಬಂತು ಎಂದಳು.

ಸಭೆ ಬಿದ್ದು ಬಿದ್ದು ನಕ್ಕಿತು. ಅಲ್ಲಿದ್ದ ಅಧ್ಯಾಪಕರೆಲ್ಲ ಒಂದು ಕಾಲದಲ್ಲಿ ಆ ನಿದ್ದೆ ಮಾಡಿದವರೇ. ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಡಂ. ಅದು ಅವಳ ಜಾಣತನವೋ, ಹೊನ್ನಮ್ಮನ ಪಡಸಾಲೆಯನ್ನೇ ಅವಳು ಯೂನಿವರ್ಸಿಟಿ ಅಂದುಕೊಂಡಿದ್ದಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮಾರನೆಯ ಬೆಳಿಗ್ಗೆ ಅವಳು ಮೈಸೂರಿಗೆ ಹೊರಟುಹೋದಳು.

ಇಲ್ಲಿಗೆ ನನ್ನ ಕಳವಳ ಮುಗಿಯಬೇಕಿತ್ತು. ಮುಗಿಯಲಿಲ್ಲ. ಒಂದು ವಾರವಾದ ಮೇಲೆ ಆ ಪ್ರೊಫೆಸರು ಉಪನ್ಯಾಸಕ್ಕೆಂದು ನಮ್ಮ ಕಾಲೇಜಿಗೇ ಬಂದರು. ಮೇಡಂ ನನ್ನನ್ನು ಕರೆಸಿ, ಸಾರ್ ನಿನ್ನ ಹತ್ತಿರ ಏನೋ ಮಾತಾಡಬೇಕಂತೆ ಎಂದರು. ಕಾಲಲ್ಲಿ ಗಾಬರಿ ಇಟ್ಟುಕೊಂಡೇ ಸ್ಟಾಫ್‌ರೂಮಿಗೆ ಹೋದೆ. ಪ್ರೊಫೆಸರು ಒಬ್ಬರೇ ಕೂತಿದ್ದರು. ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, ಕ್ಷಮಿಸಬೇಕಮ್ಮ, ಆವತ್ತು ನಾನು ಊರಿನಲ್ಲೇ ಇರಲಿಲ್ಲ ಎಂದರು. ಮಗಳಿಗೆ ಗಂಡು ನೋಡಲು ಇದ್ದಕ್ಕಿದ್ದ ಹಾಗೆ ಹಾಸನಕ್ಕೆ ಹೋಗಬೇಕಾಯಿತಂತೆ, ನಿಮ್ಮ ಮೇಡಮ್ಮಿಗೆ ತಿಳಿಸುವುದು ಮರೆತೇಹೋಯಿತಂತೆ. ಹೊರದೇಶದ ಹುಡುಗಿ ಬಂದು ಬಾಗಿಲಲ್ಲಿ ನಿಂತು ಹೋದಳಲ್ಲ ಎಂದು ಮನಸ್ಸಿಗೆ ಒಂದೇ ಸಮನೆ ಚುಚ್ಚುತ್ತಿದೆಯಂತೆ. ಆದರೆ ಈಗ ಮೇಡಂ ಹೇಳುತ್ತಾರೆ, ಹುಡುಗಿ ಯೂನಿವರ್ಸಿಟಿಯನ್ನು ತುಂಬಾ ಮೆಚ್ಚಿಕೊಂಡು ಹೋದಳು ಅಂತ. ನಾನೇ ಇಲ್ಲದಿರುವಾಗ ಅವಳನ್ನು ಅಷ್ಟು ಚೆನ್ನಾಗಿ ನೋಡಿಕೊಂಡವರು ಯಾರು?

“ಹೊನ್ನಮ್ಮ ಅಂತ ಒಬ್ರು ಸಾರ್.”

ಪ್ರೊಫೆಸರು ಹುಬ್ಬು ಗಂಟಿಕ್ಕಿದರು. “ಯಾವ ಡಿಪಾರ್ಟ್‌ಮೆಂಟು?”

ಸುಳ್ಳು ಹೇಳಲು ನನಗೆ ಶಕ್ತಿಯಿರಲಿಲ್ಲ. ಬಸ್ಸು, ಆಟೋ, ಕಂಬಳಿ, ಮುದ್ದೆ ಎಲ್ಲವನ್ನೂ ಹೇಳಿದೆ. ಇನ್ನು ದೊಡ್ಡವರ ಕೋಪ ಬರುತ್ತದೆ ಎಂದು ಕಾದು ನಿಂತೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಆಗ ನೋಡಿದೆ, ಅವರ ಕಣ್ಣೂ ಕೆಂಪಗಿದ್ದವು, ಕೆಳಗೆ ಕಪ್ಪು ಬಿದ್ದಿತ್ತು. ಹಾಸನದ ಗಂಡಿನ ಕಡೆಯವರಿಂದ ಇನ್ನೂ ಉತ್ತರ ಬಂದಿಲ್ಲವಂತೆ, ರಾತ್ರಿ ನಿದ್ದೆಯೇ ಹತ್ತುತ್ತಿಲ್ಲವಂತೆ.

“ನಾಯಂಡಹಳ್ಳೀಲಿ ಆ ಮನೆ ಎಲ್ಲಿ ಬರುತ್ತಮ್ಮ?” ಎಂದು ಕೇಳಿದರು.

ತಮಾಷೆಗೆ ಕೇಳಿದರೆಂದು ನಾನು ನಗಲು ಹೊರಟೆ. ಅವರು ನಗುತ್ತಿರಲಿಲ್ಲ. ಸ್ಟಾಪಿನಲ್ಲಿ ಇಳಿದು, ಮರದ ಪಕ್ಕದ ದಾರಿ ಹಿಡಿದು ಒಳಗೆ ಹೋಗಿ ಸಾರ್, ಅವರೆ ಹಬ್ಬಿರೋ ಹೊಲದ ಪಕ್ಕದ ಮನೆ ಎಂದು ದಾರಿ ಹೇಳಿದೆ.